ಸೀಟು ಸಿಕ್ಕಿದ ಮೇಲೆ ಶಾಲೆ ಏನು ಮಾಡುತ್ತದೆ ಅಂತ ಕೇಳಿ

ಹ್ಯೂಸ್ಟನ್‌ಗೆ ಹೊಸದಾಗಿ ಬಂದ ನಮ್ಮ ಕನ್ನಡದವರು ಚಾರ್ಟರ್ ಹೈಸ್ಕೂಲ್ ಬಗ್ಗೆ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. "ಅಲ್ಲಿ ಓದಿದ್ರೆ ಕಾಲೇಜ್ ಸೀಟು ಗ್ಯಾರಂಟಿನಾ?" ನನ್ನ ಪ್ರಕಾರ ಕೇಳಬೇಕಾದ್ದು ಅದಲ್ಲ. ಸೀಟು ಸಿಕ್ಕಿದವರಲ್ಲಿ ಎಷ್ಟು ಜನ ಡಿಗ್ರಿ ಮುಗಿಸಿದರು ಅಂತ ಕೇಳಬೇಕು.

ಗೊತ್ತಿಲ್ಲದವರಿಗೆ ಒಂದು ಮಾತು. ಚಾರ್ಟರ್ ಶಾಲೆ ಖಾಸಗಿ ಶಾಲೆಯಲ್ಲ. ಸರ್ಕಾರದ ದುಡ್ಡಲ್ಲೇ ನಡೆಯುತ್ತದೆ, ಫೀಸು ಇಲ್ಲ, ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತುತ್ತಾರೆ. ನಡೆಸುವವರು ಮಾತ್ರ ಬೇರೆ ಸಂಸ್ಥೆಯವರು. ಇಂಥ ಶಾಲೆಗಳಿಗೆ ಮೊಟ್ಟಮೊದಲು ಕಾನೂನು ಮಾಡಿದ್ದು ಮಿನ್ನೆಸೋಟಾ ರಾಜ್ಯ, 1991ರಲ್ಲಿ.

ನಮ್ಮ ಹ್ಯೂಸ್ಟನ್‌ನಲ್ಲೇ 1994ರಲ್ಲಿ ಇಬ್ಬರು ಯುವ ಮೇಷ್ಟ್ರುಗಳು ಶುರು ಮಾಡಿದ್ದು ಕಿಪ್, ಈಗ ಅದೊಂದು ದೊಡ್ಡ ಚಾರ್ಟರ್ ಶಾಲೆಗಳ ಜಾಲ. ಬಡ ಮನೆಗಳ ಮಕ್ಕಳು, ಉದ್ದನೆಯ ಶಾಲಾ ದಿನ, ಬಿಗಿ ಶಿಸ್ತು, ಎಲ್ಲರೂ ಕಾಲೇಜ್ ಮುಗಿಸಲೇಬೇಕು ಅನ್ನೋ ಹಟ. 2011ರಲ್ಲಿ ಅವರು ತಮ್ಮ ಮೊದಲ ಬ್ಯಾಚುಗಳ ಲೆಕ್ಕ ತಾವೇ ಹೊರಗಿಟ್ಟರು. ಎಂಟನೇ ಕ್ಲಾಸು ಮುಗಿಸಿ ಹತ್ತು ವರ್ಷ ಆದ ಮೇಲೆ ನಾಲ್ಕು ವರ್ಷದ ಡಿಗ್ರಿ ಪಡೆದವರು ಶೇ. 33. ಬಡ ಮಕ್ಕಳ ಮಟ್ಟಿಗೆ ಇದು ದೇಶದ ಸರಾಸರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ ಅವರು ಇಟ್ಟುಕೊಂಡಿದ್ದ ಗುರಿ ಶೇ. 75. ಬಚ್ಚಿಡಬಹುದಿತ್ತು, ಬಚ್ಚಿಡಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಗೌರವ.

ಅಷ್ಟು ಚೆನ್ನಾಗಿ ಓದಿದ ಮಕ್ಕಳು ಎಲ್ಲಿ ಜಾರುತ್ತಾರೆ? ಎಷ್ಟೋ ಸಲ ಪಾಠದಲ್ಲಿ ಅಲ್ಲ, ಕಾಗದಪತ್ರದಲ್ಲಿ. ಇಲ್ಲೊಂದು ಶಾಲೆಯಲ್ಲಿ ಮಕ್ಕಳಿಗೆ ಫಾಫ್ಸಾ ತುಂಬಿಸಲು ನಾನು ಸಂಜೆ ಹೊತ್ತು ಹೋಗುತ್ತಿದ್ದೆ. ಫಾಫ್ಸಾ ಅಂದರೆ ಕೇಂದ್ರ ಸರ್ಕಾರದ ಹಣಸಹಾಯದ ಅರ್ಜಿ. ಒಬ್ಬ ಹುಡುಗಿ ಕಾಲೇಜಿನಿಂದ ಬಂದ ಪತ್ರ ತೋರಿಸಿ, "ಅಂಕಲ್, ಪೂರ್ತಿ ದುಡ್ಡು ಅವರೇ ಕೊಡ್ತಾರೆ" ಅಂತ ಖುಷಿಯಾಗಿ ಹೇಳಿದಳು. ಕೂತು ಸಾಲು ಸಾಲಾಗಿ ಓದಿದೆವು. ಮೇಲಿನ ಸಾಲು ಪೆಲ್ ಗ್ರಾಂಟ್, ಅಂದರೆ ಬಡ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ಸಹಾಯಧನ, ಅದು ವಾಪಸ್ ಕೊಡಬೇಕಿಲ್ಲ. ಅದರ ಕೆಳಗಿನ ಎರಡು ಸಾಲು ಸಾಲವೇ! ಕೊನೆಯದು ವರ್ಕ್ ಸ್ಟಡಿ, ಅಂದರೆ ಕ್ಯಾಂಪಸ್ಸಿನಲ್ಲಿ ದುಡಿದರೆ ಮಾತ್ರ ಸಿಗುವ ದುಡ್ಡು. ಅವಳ ಅಮ್ಮ ಪಕ್ಕದಲ್ಲೇ ಕೂತಿದ್ದರು, ಅವರಿಗೆ ಬರುವುದು ಸ್ಪ್ಯಾನಿಷ್ ಮಾತ್ರ. ಪೆಲ್ ಗ್ರಾಂಟ್ ಸಿಗುವುದೇ ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ಉಳಿದದ್ದು ಎಲ್ಲಿಂದ ಬರಬೇಕು ಅಂತ ಆ ಮನೆಯಲ್ಲಿ ಯಾರು ಹೇಳಬೇಕು?

ಅಲ್ಲಿಗೂ ಮುಗಿಯಲ್ಲ. ಮೇ ತಿಂಗಳಲ್ಲಿ ಹೈಸ್ಕೂಲ್ ಗ್ರ್ಯಾಜುಯೇಷನ್, ಆಗಸ್ಟ್‌ನಲ್ಲಿ ಕಾಲೇಜು, ನಡುವೆ ಹಾಸ್ಟೆಲ್ ಡೆಪಾಸಿಟ್, ಲಸಿಕೆಯ ದಾಖಲೆ, ಅಪ್ಪನ ಟ್ಯಾಕ್ಸ್ ಕಾಗದ ಇನ್ನೊಮ್ಮೆ ಕಳಿಸಿ ಅಂತ ಬರುವ ಇಮೇಲ್, ಅದನ್ನು ನೋಡದೇ ಬಿಟ್ಟರೆ ಸಹಾಯಧನ ನಿಂತೇ ಹೋಗುತ್ತದೆ. ಹೈಸ್ಕೂಲು ಮುಚ್ಚಿದೆ, ಕಾಲೇಜು ತೆರೆದಿಲ್ಲ, ಕೇಳೋಕೆ ಯಾರೂ ಇಲ್ಲ. ಸೀಟು ಸಿಕ್ಕಿಯೂ ಕಾಲೇಜಿನ ಮೆಟ್ಟಿಲು ಹತ್ತದ ಮಕ್ಕಳು ಪ್ರತಿವರ್ಷ ಇರುತ್ತಾರೆ.

ಕಿಪ್‌ನವರು ಹಿಡಿದದ್ದು ಇದನ್ನೇ. ಹಳೇ ವಿದ್ಯಾರ್ಥಿಗಳಿಗೆ ಅಂತಲೇ ಸಲಹೆಗಾರರನ್ನು ಇಟ್ಟರು. ಸೆಮಿಸ್ಟರ್ ಹೇಗೆ ನಡೀತಿದೆ, ದುಡ್ಡು ಸಾಲದೆ ಕಾಲೇಜ್ ಬಿಡೋ ಯೋಚನೆ ಇದೆಯಾ ಅಂತ ವಿಚಾರಿಸುವವರು. ಜೊತೆಗೆ ಹೈಸ್ಕೂಲುಗಳನ್ನೂ ಹೆಚ್ಚಿಸಿದರು. 2023ರಲ್ಲಿ ಮ್ಯಾಥಮ್ಯಾಟಿಕಾ ಅನ್ನೋ ಸಂಶೋಧನಾ ಸಂಸ್ಥೆಯ ಅಧ್ಯಯನ ಬಂತು. ಮಿಡ್ಲ್ ಸ್ಕೂಲು (ಎಂಟನೇ ಕ್ಲಾಸಿನವರೆಗೆ), ಹೈಸ್ಕೂಲು ಎರಡನ್ನೂ ಕಿಪ್‌ನಲ್ಲಿ ಓದಿದವರಲ್ಲಿ ಡಿಗ್ರಿ ಮುಗಿಸುವವರ ಪ್ರಮಾಣ, ಕಿಪ್‌ಗೆ ಹೋಗದ ಅಂಥದೇ ಮಕ್ಕಳಿಗಿಂತ 19 ಶೇಕಡಾ ಅಂಶ ಹೆಚ್ಚು. ಮಿಡ್ಲ್ ಸ್ಕೂಲು ಮಾತ್ರ ಓದಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೈಸ್ಕೂಲಿನ ಆ ನಾಲ್ಕು ವರ್ಷ ಕೈಬಿಡಬಾರದು ಅನ್ನೋದಕ್ಕೆ ಇನ್ನೇನು ಬೇಕು?

ಹಾಗಂತ ಚಾರ್ಟರ್ ಅಂದ ಮಾತ್ರಕ್ಕೆ ಒಳ್ಳೆಯದು ಅಂತ ನಂಬಬೇಡಿ. ಟೆಕ್ಸಾಸ್ ಚಾರ್ಟರ್‌ಗಳ ಬಗ್ಗೆ ಡಾಬಿ ಮತ್ತು ಫ್ರೈಯರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನವಿದೆ. ಬಿಗಿ ಶಿಸ್ತಿನ ಶಾಲೆಗಳಲ್ಲಿ ಅಂಕ ಏರಿತ್ತು, ನಾಲ್ಕು ವರ್ಷದ ಕಾಲೇಜಿಗೆ ಸೇರುವವರೂ ಹೆಚ್ಚಿದ್ದರು, ಮುಂದೆ ಸಂಪಾದನೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ಫರಕು ಇರಲಿಲ್ಲ. ಉಳಿದ ಚಾರ್ಟರ್‌ಗಳಲ್ಲಿ ಅಂಕವೂ ಇಳಿದಿತ್ತು, ಸಂಪಾದನೆಯೂ ಇಳಿದಿತ್ತು. ಸ್ಯಾನ್ ಡಿಯಾಗೋದ 'ಹೈ ಟೆಕ್ ಹೈ' ಅನ್ನೋ ಚಾರ್ಟರ್ ಶಾಲೆಯ ಥರ ಹೈಸ್ಕೂಲಿನಲ್ಲೇ ಮಕ್ಕಳನ್ನು ಇಂಟರ್ನ್‌ಶಿಪ್‌ಗೆ ಕಳಿಸುವ ಶಾಲೆಗಳು ನನಗೆ ಇಷ್ಟವಾಗುವುದು ಇದಕ್ಕೇ. ಕೆಲಸ ಅಂದರೆ ಏನು ಅಂತ ಹದಿನಾರಕ್ಕೇ ಕಣ್ಣಾರೆ ನೋಡಬೇಕು.

ನಮ್ಮವರ ಮಕ್ಕಳಿಗೆ ಫಾರ್ಮ್ ತುಂಬಲು ಮನೆಯಲ್ಲೇ ಇಬ್ಬರು ಇಂಜಿನಿಯರ್‌ಗಳು ಇರುತ್ತಾರೆ. ಮನೆಯಲ್ಲಿ ಕಾಲೇಜ್ ಕಂಡವರೇ ಇಲ್ಲದ ಮಗುವಿಗೆ ಆ ಕೆಲಸವನ್ನು ಶಾಲೆಯೇ ಮಾಡಬೇಕು. ಅದನ್ನು ಮಾಡುವ ಶಾಲೆಯನ್ನೇ ನಾನು ಒಳ್ಳೆಯ ಹೈಸ್ಕೂಲ್ ಅನ್ನುತ್ತೇನೆ. ಮುಂದಿನ ಸಲ ಓಪನ್ ಹೌಸ್‌ಗೆ ಹೋದಾಗ ಲ್ಯಾಬು, ಜಿಮ್ಮು ನೋಡಿ, ಬೇಡ ಅನ್ನಲ್ಲ. ಆಮೇಲೆ ಪ್ರಿನ್ಸಿಪಾಲರನ್ನು ಕೇಳಿ: ಆರು ವರ್ಷದ ಹಿಂದೆ ಇಲ್ಲಿಂದ ಹೋದ ಮಕ್ಕಳು ಈಗ ಎಲ್ಲಿದ್ದಾರೆ, ಅವರಿಗೆ ಫೋನ್ ಮಾಡುವವರು ಇಲ್ಲಿ ಯಾರು?