ಡಾಂಬರು ಕಿತ್ತರೆ ಟ್ರಾಮ್ ಓಡುತ್ತಾ?

ಮಾಟುಂಗಾದ ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ಮೆಸೇಜ್ ಬಂದಿದೆ: "ಮುಂಬೈ ರಸ್ತೆಗಳ ಕೆಳಗೆ ಹಳೇ ಟ್ರಾಮ್ ಹಳಿ ಹಾಗೇ ಇದೆ. ಡಾಂಬರು ಕಿತ್ತರೆ ಸಾಕು, ಖರ್ಚಿಲ್ಲದೆ ಟ್ರಾಮ್ ಓಡಿಸಬಹುದು."

ಪೂರ್ತಿ ಸುಳ್ಳೇನಲ್ಲ. 2017ರಲ್ಲಿ ದಕ್ಷಿಣ ಮುಂಬೈನ ಹಳೇ ಕಾರಂಜಿ ಫ್ಲೋರಾ ಫೌಂಟನ್ ದುರಸ್ತಿಗೆ ಅಗೆದಾಗ ಹಳಿಯ ತುಂಡುಗಳು ಸಿಕ್ಕಿದ್ದು ನಿಜ. 1874ರಲ್ಲಿ ಕುದುರೆ ಎಳೆಯುತ್ತಿದ್ದ ಟ್ರಾಮ್ 1907ರಲ್ಲಿ ಕರೆಂಟಿಗೆ ಬದಲಾಯಿತು. ಕೊನೆಯ ಗಾಡಿ ಓಡಿದ್ದು 1964ರ ಮಾರ್ಚ್ 31ರ ರಾತ್ರಿ, ಬೋರಿಬಂದರದಿಂದ ದಾದರಿಗೆ. ನಾವು ದಿನಾ ಹೇಳುವ 'ದಾದರ್ ಟಿಟಿ' ಇದೆಯಲ್ಲ, ಅದು ಟ್ರಾಮ್ ಟರ್ಮಿನಸ್ಸೇ!

ಆದರೆ ತುಂಡು ಹಳಿ ಸಿಕ್ಕಿತು ಅಂದರೆ ಮಾರ್ಗ ಸಿಕ್ಕಿದಂತಲ್ಲ. ಅರವತ್ತು ವರ್ಷ ಮಣ್ಣಲ್ಲಿದ್ದ ಕಬ್ಬಿಣದ ಮೇಲೆ ಜನ ತುಂಬಿದ ಗಾಡಿ ಬಿಡೋಕಾಗಲ್ಲ. ಹೊಸ ಹಳಿಗೆ ಗಟ್ಟಿ ಕಾಂಕ್ರೀಟ್ ತಳ ಬೇಕು. ಅದಕ್ಕೂ ಮೊದಲು ಕೆಳಗಿರುವ ನೀರಿನ ಪೈಪು, ಚರಂಡಿ, ಕೇಬಲ್ಲುಗಳನ್ನು ಪಕ್ಕಕ್ಕೆ ಸರಿಸಬೇಕು. ಇಲ್ಲದಿದ್ದರೆ ಪೈಪ್ ಒಡೆದಾಗಲೆಲ್ಲ ಟ್ರಾಮ್ ನಿಲ್ಲುತ್ತೆ. ಕಣ್ಣಿಗೆ ಕಾಣದ ಈ ಕೆಲಸಕ್ಕೂ ತುಂಬಾ ದುಡ್ಡು ಹೋಗುತ್ತೆ. ವಿದ್ಯುತ್ ತಂತಿ, ಡಿಪೋ ಬೇರೆ.

ಇನ್ನೊಂದು ಮಾತು. ಟ್ರಾಮ್ ಬಸ್ಸಿನಂತೆ ಪಕ್ಕಕ್ಕೆ ಸರಿಯಲ್ಲ. ಹಳಿ ಮೇಲೆ ಒಂದು ಟೆಂಪೊ ನಿಂತರೂ ಹಿಂದಿನ ಗಾಡಿಗಳೆಲ್ಲ ಸಾಲು ನಿಲ್ಲಬೇಕು. ಅದಕ್ಕೇ ಪ್ರತ್ಯೇಕ ಲೇನ್ ಬೇಕು. ಸಂಜೆ ಏಳಕ್ಕೆ ದಾದರ್ ಹೂವಿನ ಮಾರುಕಟ್ಟೆ ಹತ್ತಿರ ಆ ಲೇನ್ ಎಲ್ಲಿಂದ ತರೋದು, ಹೇಳಿ? ನನಗಂತೂ ಟ್ರಾಮ್ ಅಂದರೆ ಇಷ್ಟ. ಸುಮ್ನೆ ಫಾರ್ವರ್ಡ್ ಮಾಡೋಕೆ ಮಾತ್ರ ಮನಸ್ಸಾಗಲಿಲ್ಲ.