ಸ್ಪಷ್ಟನೆ: ಕಣ್ಣು ಮುಚ್ಚಿದ ಮಾತ್ರಕ್ಕೆ ಇಗ್ವಾನಾ ಪಳಗಿದಂತಲ್ಲ

ರಕ್ಷಿಸಿ ತಂದ ವಯಸ್ಕ ಹಸಿರು ಇಗ್ವಾನಾವನ್ನು (ಹಲ್ಲಿಯ ಜಾತಿಗೆ ಸೇರಿದ ದೊಡ್ಡ ಸರೀಸೃಪ), ಅದು ಒದ್ದಾಟ ನಿಲ್ಲಿಸಿ ಕಣ್ಣು ಮುಚ್ಚುವವರೆಗೂ ದಿನವೂ ಬಿಗಿಯಾಗಿ ಹಿಡಿದುಕೊಂಡರೆ ಬೇಗ ಪಳಗುತ್ತದೆ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು ಸಲಹೆ. ಪ್ರಾಣಿಗೆ ಹಾನಿಯನ್ನೂ ಮಾಡುತ್ತದೆ.

ಮುಟ್ಟುವಾಗ ಅದು ಕಣ್ಣು ಮುಚ್ಚುವುದು, ಅದರಲ್ಲೂ ನಮ್ಮ ಕಡೆಗಿರುವ ಒಂದೇ ಕಣ್ಣನ್ನು ಮುಚ್ಚುವುದು, ಬಹಳ ಸಲ ನೆಮ್ಮದಿಯ ಲಕ್ಷಣವಾಗಿರದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲದ ಜೀವವು ಎದುರಿನ ಭಯವನ್ನು ನೋಡದಿರಲು ಮಾಡುವ ಪ್ರಯತ್ನವಾಗಿರುತ್ತದೆ. ಬಲವಂತ ಮುಂದುವರಿದರೆ ಅದು ಬಾಲದಿಂದ ಬಾರಿಸಬಹುದು, ಕಚ್ಚಬಹುದು, ಬಾಲವನ್ನೇ ಕಳಚಿಕೊಳ್ಳಲೂಬಹುದು; ಮತ್ತೆ ಬೆಳೆದ ಬಾಲ ಮೊದಲಿನಂತಿರುವುದಿಲ್ಲ.

ಹಿಂದೆ ಸರಿಯಾದ ಆಹಾರವಾಗಲಿ ನೇರಳಾತೀತ ಬೆಳಕಾಗಲಿ ಸಿಗದ ಪ್ರಾಣಿಗೆ ಮೂಳೆನೋವಿದ್ದು, ಅದರಿಂದಲೇ ಅದು ಸಿಡುಕುತ್ತಿರಬಹುದಾದ ಕಾರಣ, ಸರೀಸೃಪಗಳನ್ನು ಬಲ್ಲ ಪಶುವೈದ್ಯರ ತಪಾಸಣೆ ಮೊದಲು ಆಗಬೇಕು. ಬಿಸಿಲು ಕಾಯುವ ಜಾಗದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಿರಲಿ. ಆಮೇಲೆ ಗೂಡಿನ ಬಳಿ ದಿನವೂ ಸುಮ್ಮನೆ ಕುಳಿತು, ಒಂದು ದಾಸವಾಳದ ಹೂವನ್ನು ಒಳಗಿಟ್ಟು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮೇಲಿನಿಂದ ಎರಗುವ ಕೈ ಅದಕ್ಕೆ ಬೇಟೆಹಕ್ಕಿಯಂತೆ ಕಾಣುವುದರಿಂದ, ಕೈ ಯಾವಾಗಲೂ ಪಕ್ಕದಿಂದ ನಿಧಾನವಾಗಿ ಬರಲಿ. ಅದು ಗಂಟಲ ಕೆಳಗಿನ ಜೋಲುಚರ್ಮವನ್ನು ಹರಡಿ ತಲೆಯನ್ನು ರಭಸವಾಗಿ ಆಡಿಸಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಬೆದೆಯ ಕಾಲದಲ್ಲಿ ಪಳಗಿದ ಗಂಡೂ ಮುನಿಯಬಹುದು.