ನಮ್ಮ ಎರೆಮಣ್ಣಿಗೆ ಒಗ್ಗುವ ಸೈಕಲ್ ಬೇಕು

ಮಳೆಗಾಲದ ಶುರುವಿನಲ್ಲಿ ಮಗನಿಗೆ ಗೇರ್ ಸೈಕಲ್ ಕೊಡಿಸಿದೆ. ಮುಂದೆ ಶಾಕ್ ಅಬ್ಸಾರ್ಬರ್, ಎರಡೂ ಗಾಲಿಗೆ ಡಿಸ್ಕ್ ಬ್ರೇಕ್, 21 ಗೇರ್. ಸಿಂಧನೂರಿನಿಂದ ನಮ್ಮ ಹೊಲಕ್ಕೆ ಹೋಗುವ ಕಾಲುವೆ ದಾರಿಯಲ್ಲಿ ಒಂದು ಒಳ್ಳೆಯ ಮಳೆ ಬಿತ್ತು, ಮುಗೀತು. ಎರೆಮಣ್ಣು ಹಿಂದಿನ ಗೇರಿನ ಹಲ್ಲುಗಳಿಗೆಲ್ಲ ಮೆತ್ತಿಕೊಂಡು ಚೈನ್ ಜಿಗಿಯತೊಡಗಿತು. ಹುಡುಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಮಡ್‌ಗಾರ್ಡ್ ಇಲ್ಲ, ಹಾಗಾಗಿ ಬೆನ್ನ ತುಂಬ ಕೆಸರು.

ಆವತ್ತಿನಿಂದ ಇದೇ ಯೋಚನೆ.

ಅಪ್ಪನದು 24 ಇಂಚಿನ ಫ್ರೇಮಿನ ಕರಿ ಸೈಕಲ್. ನಾನು ಒಳಪೆಡಲ್ ಹೊಡೆದು ಕಲಿತದ್ದು ಅದರಲ್ಲೇ. ಭತ್ತದ ಚೀಲ, ಹಾಲಿನ ಕ್ಯಾನ್, ನಮ್ಮವ್ವ, ಎಲ್ಲವನ್ನೂ ಆ ಕ್ಯಾರಿಯರ್ ಹೊತ್ತಿದೆ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. 20 ಕಿಲೋಗೂ ಜಾಸ್ತಿ ತೂಕ. ಕಂಬಿ ಬ್ರೇಕು ಮಳೆಯಲ್ಲಿ ಹಿಡಿಯುತ್ತಲೇ ಇರಲಿಲ್ಲ, ಒದ್ದೆಯಾದ ಸ್ಟೀಲ್ ರಿಮ್ಮಿನ ಮೇಲೆ ರಬ್ಬರು ಸುಮ್ನೆ ಜಾರುತ್ತಿತ್ತು. ಡೈನಮೋ ಹಾಕಿದರೆ ಗಾಲಿ ಭಾರ, ನಿಂತರೆ ಕತ್ತಲು. ಮಡ್‌ಗಾರ್ಡ್ ಇದ್ದರೂ ಎರೆಮಣ್ಣು ಒಳಗೆ ಕಟ್ಟಿಕೊಂಡು ಗಾಲಿ ತಿರುಗದೆ, ಕಡ್ಡಿ ತಗೊಂಡು ಕೆದರುತ್ತ ಕೂರುತ್ತಿದ್ದೆವು. ಆದರೆ ಏನು ಕೆಟ್ಟರೂ ಊರ ಪಂಕ್ಚರ್ ಅಂಗಡಿಯಲ್ಲೇ ಸರಿಯಾಗುತ್ತಿತ್ತು. ವಾಲ್‌ಟ್ಯೂಬು, ಕಾಟರ್ ಪಿನ್ನು, ಒಂದು ಹಿಡಿ ಬಾಲ್ಸು, ಗ್ರೀಸು. ಇಷ್ಟಿದ್ದರೆ ಓವರಾಯಿಲಿಂಗ್ ಆಯ್ತು.

ಆ ಸೈಕಲ್ಲಿನ ಮೂಲ ರೂಪ ಬಹಳ ಹಳೆಯದು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್‌ನಲ್ಲೇ ಹೆಚ್ಚು ಕಡಿಮೆ ಒಂದೇ ಅಳತೆಯ ಎರಡು ಗಾಲಿ, ಹಿಂದಿನ ಗಾಲಿಗೆ ಚೈನ್ ಬಂದಾಗಿತ್ತು. 1888ರಲ್ಲಿ ಡನ್‌ಲಪ್ ಗಾಳಿ ಟಯರ್ ತಂದರು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನಾದಲ್ಲಿ ಹೀರೋ ಶುರುವಾದಾಗಲೂ ಅಡಿಪಾಯ ಅದೇ.

ಈಗಿನ ಗೇರ್ ಸೈಕಲ್ಲಿನ ಬೇರು ಬೇರೆ ಕಡೆ ಇದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಗುಡ್ಡಗಳಲ್ಲಿ ಹುಡುಗರು ದಪ್ಪ ಟಯರಿನ ಹಳೆ ಸೈಕಲ್ ಹಿಡಿದು ಇಳಿಜಾರಿನಲ್ಲಿ ಓಡಿಸುತ್ತಿದ್ದರು. ಮೌಂಟೇನ್ ಬೈಕ್ ಬೆಳೆದದ್ದು ಅಲ್ಲಿಂದ. ಗುಡ್ಡ ಹತ್ತಲು ಅಷ್ಟೊಂದು ಗೇರ್ ಬೇಕು, ಇಳಿಯಲು ಶಾಕ್ ಬೇಕು. ಸಿಂಧನೂರು ಸೀಮೆಯಲ್ಲಿ ಗುಡ್ಡ ಎಲ್ಲಿದೆ? ಬಯಲು, ಕಾಲುವೆ, ಭತ್ತದ ಗದ್ದೆ. ಇಲ್ಲಿ ಗೇರ್ ಬೇಕಾಗುವುದು ಆಷಾಢದ ಎದುರುಗಾಳಿಗೆ. ಅದಕ್ಕೆ 3 ಸಾಕು.

ಆ 3 ಗೇರು ಹೊಸದೇನೂ ಅಲ್ಲ, ಅಲ್ವಾ? 1902ರಲ್ಲೇ ನಾಟಿಂಗ್‌ಹ್ಯಾಮ್‌ನ ಸ್ಟರ್ಮಿ ಆರ್ಚರ್ ಕಂಪನಿ ಹಿಂದಿನ ಗಾಲಿಯ ನಡುವಿನ ಹಬ್ಬಿನ ಒಳಗೆ 3 ಗೇರ್ ಅಡಗಿಸಿತ್ತು. ಹಲ್ಲುಗಳೆಲ್ಲ ಹಬ್ಬಿನೊಳಗೆ ಎಣ್ಣೆಯಲ್ಲಿ ಇರುತ್ತವೆ. ಧೂಳಿಲ್ಲ, ಕೆಸರಿಲ್ಲ. ಹೊರಗೆ ಕಾಣುವುದು ಒಂದೇ ಚಕ್ರ, ಚೈನ್ ಅತ್ತಿತ್ತ ಸರಿಯುವುದಿಲ್ಲ. ಅದಕ್ಕೇ ಪೂರ್ತಿ ಚೈನ್ ಕವರ್ ಹಾಕಬಹುದು. ಡೈನಮೋವನ್ನೂ 1930ರ ದಶಕದಲ್ಲೇ ಹಬ್ಬಿನೊಳಗೆ ಕೂರಿಸಿದ್ದರು. ನಮ್ಮ ಮಣ್ಣಿಗೆ ಹೇಳಿ ಮಾಡಿಸಿದ ಈ ಹಬ್ ಗೇರ್ ನಮ್ಮೂರ ಅಂಗಡಿಗಳಲ್ಲಿ ಕಾಣುವುದೇ ಇಲ್ಲ. ಇದು ನನಗೆ ನಿಜವಾಗಿಯೂ ಬೇಸರ.

ಹೊಸದರಲ್ಲಿ ಒಳ್ಳೆಯದೂ ಇದೆ. ಡಿಸ್ಕ್ ಬ್ರೇಕ್ ನನಗೆ ತುಂಬಾ ಇಷ್ಟ. ರಿಮ್ಮಿಗೆ ಎಷ್ಟೇ ಕೆಸರು ಮೆತ್ತಿದರೂ ಬ್ರೇಕ್ ಹಿಡಿಯುತ್ತದೆ. ಇನ್ನು ಬಳ್ಳಾರಿ ಜಾಲಿ ಮುಳ್ಳು ನಮ್ಮ ಟ್ಯೂಬುಗಳಿಗೆ ಮಾಡಿದ ಅನ್ಯಾಯ ಎಲ್ಲರಿಗೂ ಗೊತ್ತು. ಈಗ ಟ್ಯೂಬಿನೊಳಗೆ ಸೀಲೆಂಟ್ ಅನ್ನೋ ಅಂಟು ದ್ರವ ಹಾಕಿಸಿದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ರಿಮ್ಮು ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಅಗ್ಗದ ಸೈಕಲ್ಲಿಗೆ ಶಾಕ್ ಯಾಕೆ? ತೂಕ ಜಾಸ್ತಿ, ಉಪಯೋಗ ಕಡಿಮೆ. ಅಗಲ ಟಯರಿಗೆ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಕಾಲುವೆ ದಾರಿಯ ಕುಲುಕಾಟ ಎಷ್ಟೋ ತಗ್ಗುತ್ತದೆ. ಶಾಕಿನ ದುಡ್ಡಲ್ಲಿ ಗಟ್ಟಿ ಕ್ಯಾರಿಯರ್, ಗಾಲಿಗೂ ತನಗೂ ನಡುವೆ ಜಾಗ ಬಿಟ್ಟ ಮಡ್‌ಗಾರ್ಡ್, ಸ್ಟ್ಯಾಂಡ್ ಕೊಡಬಾರದಾ?

2006-07ರಿಂದ ಸರ್ಕಾರ 8ನೇ ಕ್ಲಾಸಿನ ಮಕ್ಕಳಿಗೆ ಕೊಟ್ಟ ಸೈಕಲ್‌ಗಳು ನೋಡಲು ಸಾದಾ, ಗೇರಿಲ್ಲ. ನಮ್ಮ ಅಕ್ಕನ ಮಗಳು ಹೈಸ್ಕೂಲು ಮುಗಿಸಿದ್ದು ಅದರ ಮೇಲೆಯೇ. ಅವಳ ತಮ್ಮ ಇವತ್ತಿಗೂ ಅದನ್ನೇ ಓಡಿಸುತ್ತಿದ್ದಾನೆ.

ಮಗನ ಸೈಕಲ್ಲಿಗೆ ಕ್ಯಾರಿಯರ್ ಹಾಕಿಸಲು ಹೋದರೆ ಫ್ರೇಮಿನಲ್ಲಿ ಬೋಲ್ಟ್ ಹಾಕುವ ತೂತೇ ಇರಲಿಲ್ಲ. ನಮ್ಮ ಓಣಿಯ ಮೆಕ್ಯಾನಿಕ್ ಅರ್ಧ ದಿನ ಕೂತು ಕ್ಲ್ಯಾಂಪ್ ಮಾಡಿ ಹಾಕಿಕೊಟ್ಟ. ನಿನ್ನೆ ಹುಡುಗ ಗಿರಣಿಯಿಂದ 10 ಕಿಲೋ ಜೋಳದ ಹಿಟ್ಟು ಅದರ ಮೇಲೆ ತಂದ. ಗಂಗಾವತಿ, ರಾಯಚೂರು, ಬಳ್ಳಾರಿ ಕಡೆ ಯಾರಾದರೂ ಹಬ್ ಗೇರ್ ಹಾಕಿಸಿ ಓಡಿಸುತ್ತಿದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ನೋಡುತ್ತೇನೆ.